ದಾನವೂ ಪಾಲನೆಯೂ: ಹರಿಹರದ ಶಾಸನಗಳ ಬೆಳಕಿನಲ್ಲಿ ಮುಕ್ತ ತಂತ್ರಾಂಶಗಳ ದೀರ್ಘಕಾಲಿಕ ನಿರ್ವಹಣೆ

೧

ಕನ್ನಡ ಶಾಸನಗಳ ದತ್ತಿಭಾಗವನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜವು ಚಿರಪರಿಚಿತವಾದುದು. ದೇವಾಲಯವನ್ನಾಗಲಿ ಬಸದಿಯನ್ನಾಗಲಿ ಮಠವನ್ನಾಗಲಿ ಕಟ್ಟಿಸಿದ ದಾನಿಯು ನಿತ್ಯದ ಪೂಜೆಗೆ, ತಪಸ್ವಿಗಳ ಆಹಾರಕ್ಕೆ ಭೂಮಿಯನ್ನು ಬಿಡುವಾಗ, ಮುಂದೆ ಒಡೆಯಬಹುದಾದುದನ್ನೂ ಬಿರಿಯಬಹುದಾದುದನ್ನೂ ಸರಿಪಡಿಸುವುದಕ್ಕೆಂದು ಅದೇ ದತ್ತಿಯಲ್ಲಿ ಅವಕಾಶವನ್ನು ಕಲ್ಪಿಸುತ್ತಿದ್ದನು. ಕಟ್ಟಡವು ಹೊಸದಾಗಿದ್ದು ಒಂದು ಕಲ್ಲೂ ಅಲುಗದಿರುವ ದಿನವೇ ಅದರ ದುರಸ್ತಿಯ ವೆಚ್ಚವನ್ನು ಗೊತ್ತುಮಾಡುವ ಈ ಪದ್ಧತಿಯಲ್ಲಿ ಗಂಭೀರವಾದ ಲೋಕಾನುಭವವಿದೆ. ದಾನ ಮತ್ತು ಪಾಲನೆಗಳೆರಡರಲ್ಲಿ ಪಾಲನೆಯೇ ಹೆಚ್ಚಿನದೆಂದು ಶಾಸನಗಳ ಕೊನೆಯ ಶ್ಲೋಕಗಳು ಮತ್ತೆ ಮತ್ತೆ ಸಾರುವುದಕ್ಕೂ ಈ ಅನುಭವವೇ ಮೂಲವೆಂದು ಹೇಳಬಹುದು.

ಇಂದು ನಮ್ಮ ಗ್ರಂಥಭಂಡಾರಗಳ ಸೂಚಿಗಳು, ಓಲೆಗರಿಗಳ ಪ್ರತಿಲೇಖನಗಳು, ಪಾಠಾಂತರಗಳ ಪಟ್ಟಿಗಳು ಬಹುಮಟ್ಟಿಗೆ ಗಣಕಯಂತ್ರವನ್ನು ಆಶ್ರಯಿಸಿವೆ. ಆ ಯಂತ್ರವನ್ನು ನಡೆಸುವ ತಂತ್ರಾಂಶಗಳಲ್ಲಿ ಅನೇಕವು ‘ಮುಕ್ತ ಆಕರ’ದವು, ಎಂದರೆ ಅವುಗಳ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ಇಂತಹ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಯಾವಾಗ ಹೊರತರಬೇಕು, ಹಳೆಯ ಆವೃತ್ತಿಗಳನ್ನು ಎಷ್ಟು ಕಾಲ ಪೋಷಿಸಬೇಕು ಎಂಬ ಪ್ರಶ್ನೆಯು ಹಸ್ತಪ್ರತಿಶಾಸ್ತ್ರಕ್ಕೆ ಹೊರಗಿನದಲ್ಲ. ಹರಿಹರದ ಶಾಸನಗಳಿಂದ ದೊರೆಯುವ ಕೆಲವು ಆಧಾರಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲಾಗಿದೆ.

೨

ತುಂಗಭದ್ರೆಗೆ ಹರಿದ್ರಾ ನದಿಯು ಬಂದು ಸೇರುವ ಎಡೆಯಲ್ಲಿರುವ ಹರಿಹರಕ್ಕೆ ಶಾಸನಗಳಲ್ಲಿ ಕೂಡಲೂರು ಎಂಬ ಹೆಸರೂ ಉಂಟು. ಇಲ್ಲಿಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದನು. ೧೨೬೮ರಲ್ಲಿ ಸೋಮ ದಂಡನಾಯಕನು ಅದಕ್ಕೆ ಐದು ನೆಲೆಯ ಮಹಾದ್ವಾರವನ್ನು ಸೇರಿಸಿದನು. ಮುಂದೆ ವಿಜಯನಗರದ ಅರಸರ ಕಾಲದಲ್ಲಿಯೂ ಇಲ್ಲಿಗೆ ದತ್ತಿಗಳು ಸಂದವು. ಒಬ್ಬನು ಆರಂಭಿಸಿದುದನ್ನು ಮತ್ತೊಬ್ಬನು ಬೆಳೆಯಿಸಿ, ಮೂರನೆಯವನು ಕಾಪಾಡಿದ ಈ ಕ್ರಮವು ಅನೇಕ ದೇವಾಲಯಗಳ ಇತಿಹಾಸದಲ್ಲಿ ಕಾಣುವಂತಹುದೇ.

ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುವು ಹರಿಹರದ ಇನ್ನೆರಡು ಶಾಸನಗಳು. ವಿಜಯನಗರದ ದೇವರಾಯನ ಆಳ್ವಿಕೆಯಲ್ಲಿ, ೧೪೧೦ರಲ್ಲಿ, ಹರಿದ್ರಾ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿ ಕಾಲುವೆಯನ್ನು ತೆಗೆದ ಸಂಗತಿಯನ್ನು ಒಂದು ಶಾಸನವು ತಿಳಿಸುತ್ತದೆ. ಕಾಲುವೆಯ ನೀರುಣ್ಣುವ ಭೂಮಿಯಲ್ಲಿ ದೇವರ ಪಾಲೆಷ್ಟು, ಬ್ರಾಹ್ಮಣರ ಪಾಲೆಷ್ಟು ಎಂಬುದನ್ನು ಅಂದೇ ನಿರ್ಣಯಿಸಲಾಯಿತು. ಎರಡನೆಯದು ೧೪೨೪ರ ಶಾಸನ. ಅಷ್ಟು ಹೊತ್ತಿಗೆ ಕಟ್ಟೆಯು ಒಡೆದುಹೋಗಿದ್ದಿತು. ಬುಲ್ಲರಾಜನ ಪ್ರೇರಣೆಯಿಂದ ಸೇನಾನಾಯಕ ಚಾಮನೃಪನು ಧನವನ್ನಿತ್ತು ಅದನ್ನು ಮತ್ತೆ ಕಟ್ಟಿಸಿದನೆಂದು ಅದರಿಂದ ತಿಳಿದುಬರುತ್ತದೆ.

ಕಟ್ಟಿದ ಹದಿನಾಲ್ಕು ವರ್ಷಗಳಲ್ಲಿ ಕಟ್ಟೆಯು ಒಡೆಯಿತೆಂಬುದು ಆಶ್ಚರ್ಯದ ಸಂಗತಿಯೇನಲ್ಲ. ಪ್ರತಿ ಮಳೆಗಾಲವೂ ಕಟ್ಟೆಗೆ ಒಂದು ಪರೀಕ್ಷೆಯೇ ಸರಿ. ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ಕಟ್ಟೆಯ ಪ್ರಯೋಜನವನ್ನು ಪಡೆಯುವವರು ಯಾರೆಂಬುದು ೧೪೧೦ರಲ್ಲಿಯೇ ಸ್ಪಷ್ಟವಾಗಿದ್ದುದರಿಂದ, ಅದು ಒಡೆದಾಗ ನಷ್ಟಕ್ಕೊಳಗಾದವರು ಯಾರೆಂಬುದೂ ಸ್ಪಷ್ಟವಾಗಿದ್ದಿತು. ಎರಡನೆಯದಾಗಿ, ದುರಸ್ತಿಗೆ ಬೇಕಾದ ಹಣವು ಫಲಾನುಭವಿಗಳ ಪಾಲಿನಿಂದ ತಾನಾಗಿ ಒದಗಲಿಲ್ಲ; ಹೊರಗಿನ ಅಧಿಕಾರಿಯೊಬ್ಬನ ಔದಾರ್ಯವನ್ನು ಆಶ್ರಯಿಸಬೇಕಾಯಿತು. ನೀರಿನ ಹಂಚಿಕೆಯಲ್ಲಿದ್ದ ಖಚಿತತೆಯು ದುರಸ್ತಿಯ ಧನದಲ್ಲಿ ಕಂಡುಬರುವುದಿಲ್ಲ. ಮುಕ್ತ ತಂತ್ರಾಂಶಗಳ ಇಂದಿನ ಮುಖ್ಯವಾದ ತೊಡಕೂ ಇದೇ ಬಗೆಯದು.

೩

‘ಉಚಿತ’ ಮತ್ತು ‘ಮುಕ್ತ’ ಎಂಬ ಎರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿಯಿದೆ. ಇವುಗಳ ಅಂತರವನ್ನು ತಿಳಿಯುವುದು ಅವಶ್ಯಕ. ಬೆಲೆಯಿಲ್ಲದೆ ದೊರೆಯುವುದು ಉಚಿತ. ಮೂಲಪಾಠವು ಬಯಲಾಗಿದ್ದು ತಿದ್ದುವ ಅಧಿಕಾರವು ಎಲ್ಲರಿಗೂ ಇರುವುದು ಮುಕ್ತ. ೧೯೯೮ರಲ್ಲಿ ಬಂದ ‘ಬರಹ’ವಾಗಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಾಗಲಿ ಉಚಿತವಾಗಿ ದೊರೆತು ಕನ್ನಡಕ್ಕೆ ಮಾಡಿದ ಉಪಕಾರವು ದೊಡ್ಡದು. ಆದರೆ ಬಳಸುವವನಿಗೆ ಮೂಲಪಾಠವು ಲಭ್ಯವಿಲ್ಲದ ಎಡೆಯಲ್ಲಿ ದುರಸ್ತಿಗಾಗಿ ಅವನು ನಿರ್ಮಾತೃವಿನ ಮುಖವನ್ನೇ ನೋಡುತ್ತಿರಬೇಕಾಗುತ್ತದೆ.

ಈ ಅಂತರವನ್ನು ಹರಿಹರದ ಜನರಿಗೆ ಬೇರೆ ರೀತಿಯಲ್ಲಿಯೂ ತಿಳಿಯಪಡಿಸಬಹುದು. ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಇಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದಿತು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆಯು ಮುಚ್ಚಿತು; ಅಲ್ಲಿ ತಯಾರಾದ ಲೇತುಗಳು ಮಾತ್ರ ಎಷ್ಟೋ ವರ್ಕ್‌ಶಾಪುಗಳಲ್ಲಿ ದುಡಿಯುತ್ತಲೇ ಉಳಿದುವು. ಲೇತಿನ ಹಲ್ಲುಚಕ್ರವು ಸವೆದರೆ ಅದನ್ನು ಬಿಚ್ಚಿ ಅಳೆದು ಅಂತಹುದೇ ಮತ್ತೊಂದನ್ನು ಕಡೆದು ಕೂರಿಸಬಲ್ಲ ಕೆಲಸಗಾರರಿರುವುದೇ ಇದಕ್ಕೆ ಕಾರಣ. ಬಿಚ್ಚಿ ನೋಡಬಹುದಾದ ಯಂತ್ರವು ತನ್ನನ್ನು ಮಾಡಿದವರಿಗಿಂತಲೂ ಹೆಚ್ಚು ಕಾಲ ಬಾಳಬಲ್ಲುದು. ಮುಕ್ತ ಆಕರದ ಸತ್ತ್ವವೂ ಇದೇ. ಆದರೆ ಬಿಚ್ಚಬಲ್ಲ ಕೈಗಳಿಲ್ಲದಿದ್ದರೆ ಬಿಚ್ಚಬಹುದೆಂಬ ಅನುಮತಿಯಿಂದ ಮಾತ್ರ ಯಾವ ಪ್ರಯೋಜನವೂ ಇಲ್ಲ.

೪

ಹೊಸ ಆವೃತ್ತಿಯನ್ನು ಹೊರತರುವ ಕಾಲನಿಯಮದಲ್ಲಿ ಎರಡು ಸಂಪ್ರದಾಯಗಳನ್ನು ಕಾಣಬಹುದು. ‘ಸಿದ್ಧವಾದಾಗ ಬಿಡುಗಡೆ’ ಎಂಬುದು ಒಂದು. ೧೯೯೩ರಲ್ಲಿ ಆರಂಭವಾದ ಡೆಬಿಯನ್ ಎಂಬ ವ್ಯವಸ್ಥೆಯು ಈ ಮಾರ್ಗದ್ದು. ಅದರ ೩.೦ ಆವೃತ್ತಿಯು ೨೦೦೨ರ ಜುಲೈಯಲ್ಲಿ ಬಂದರೆ ೩.೧ ಬರುವುದಕ್ಕೆ ೨೦೦೫ರ ಜೂನ್ ಆಗಬೇಕಾಯಿತು. ಶುದ್ಧಿಗೆ ಪ್ರಾಶಸ್ತ್ಯವಿತ್ತ ಈ ಮಾರ್ಗದಲ್ಲಿ ಬಳಸುವವನಿಗೆ ಮುಂದಿನ ಯೋಜನೆಯನ್ನು ಹಾಕಿಕೊಳ್ಳುವುದು ಕಷ್ಟವಾಗುತ್ತಿದ್ದಿತು. ಅನಂತರದ ವರ್ಷಗಳಲ್ಲಿ ಡೆಬಿಯನ್ ಕೂಡ ಸುಮಾರು ಎರಡು ವರ್ಷಗಳ ಕ್ರಮಕ್ಕೆ ಬಂದು ನಿಂತಿತು.

‘ಗೊತ್ತಾದ ದಿನಕ್ಕೆ ಬಿಡುಗಡೆ’ ಎಂಬುದು ಇನ್ನೊಂದು ಸಂಪ್ರದಾಯ. ೨೦೦೪ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಬಂದ ಉಬುಂಟು ಆರು ತಿಂಗಳಿಗೊಂದು ಆವೃತ್ತಿಯೆಂಬ ನಿಯಮವನ್ನು ಇಟ್ಟುಕೊಂಡಿತು. ಆವೃತ್ತಿಯ ಸಂಖ್ಯೆಯೇ ಅದರ ವರ್ಷ ಮತ್ತು ತಿಂಗಳು. ಆದರೆ ಆರಾರು ತಿಂಗಳಿಗೆ ಇಡೀ ವ್ಯವಸ್ಥೆಯನ್ನು ಬದಲಿಸುವುದು ಕಚೇರಿಗಳಿಗೂ ಗ್ರಂಥಾಲಯಗಳಿಗೂ ಸಾಧ್ಯವಾಗದ ಮಾತು. ಈ ಕಾರಣದಿಂದ ಕೆಲವು ಆವೃತ್ತಿಗಳನ್ನು ಮಾತ್ರ ಆಯ್ದು ಅವುಗಳಿಗೆ ದೀರ್ಘಕಾಲದ ಪಾಲನೆಯನ್ನು ಘೋಷಿಸಲಾಯಿತು. ಅವುಗಳಲ್ಲಿ ಮೊದಲನೆಯದು ೨೦೦೬ರ ಏಪ್ರಿಲ್‌ನಲ್ಲಿ ಬರಬೇಕಾಗಿದ್ದು, ಇನ್ನಷ್ಟು ಶುದ್ಧಿಗೊಳಿಸುವುದಕ್ಕಾಗಿ ಜೂನಿಗೆ ಮುಂದೂಡಲ್ಪಟ್ಟು, ೬.೦೪ರ ಬದಲು ೬.೦೬ ಎಂಬ ಸಂಖ್ಯೆಯನ್ನು ಪಡೆಯಿತು. ದೀರ್ಘಕಾಲ ಬಾಳಬೇಕಾದ ಪ್ರತಿಗೆ ಹೆಚ್ಚಿನ ಪರಿಷ್ಕರಣವು ಬೇಕೆಂಬುದು ಲಿಪಿಕಾರರಿಗೆ ಹೊಸ ವಿಷಯವಲ್ಲ. ಮೇಜಿನ ಗಣಕಯಂತ್ರಗಳಿಗೆ ಮೂರು ವರ್ಷ, ಸರ್ವರ್‌ಗಳಿಗೆ ಐದು ವರ್ಷ ಎಂದಿದ್ದ ಪಾಲನೆಯ ಅವಧಿಯು ೨೦೧೨ರ ಆವೃತ್ತಿಯಿಂದ ಎರಡಕ್ಕೂ ಐದು ವರ್ಷವಾಯಿತು. ಡೆಬಿಯನ್ನಿನಲ್ಲಿಯೂ ೨೦೧೪ರಿಂದ ಇಂತಹ ಏರ್ಪಾಡು ನಡೆದುಬಂದಿದೆ.

ಪಾಲನೆಯೆಂದರೆ ಏನು? ಹಳೆಯ ಆವೃತ್ತಿಗೆ ಹೊಸ ಸೌಕರ್ಯಗಳನ್ನು ಕೂಡಿಸುವುದು ಪಾಲನೆಯಲ್ಲ. ಕಂಡುಬಂದ ದೋಷಗಳನ್ನೂ ಭದ್ರತೆಯ ಬಿರುಕುಗಳನ್ನೂ ಮಾತ್ರ ಮುಚ್ಚಿ, ಉಳಿದುದನ್ನು ಇದ್ದಂತೆಯೇ ಬಿಡುವುದು ಪಾಲನೆ. ಮಹಾದ್ವಾರವನ್ನು ಕಟ್ಟಿಸಿದುದು ಹೊಸ ಆವೃತ್ತಿ; ಒಡೆದ ಕಟ್ಟೆಯನ್ನು ಮೊದಲಿದ್ದಂತೆ ನಿಲ್ಲಿಸಿದುದು ಪಾಲನೆ. ಮೊದಲನೆಯದಕ್ಕೆ ಕೀರ್ತಿಯುಂಟು. ಎರಡನೆಯ ಕೆಲಸವನ್ನು ಮಾಡುವವರ ಹೆಸರು ಚಾಮನೃಪನಂತೆ ಕಲ್ಲಿನ ಮೇಲೆ ಉಳಿಯುವುದು ವಿರಳ.

ಈ ಕೆಲಸವು ಎಷ್ಟು ಕಷ್ಟವೆಂಬುದಕ್ಕೆ ಲಿನಕ್ಸ್ ಕರ್ನಲಿನ ಇತಿಹಾಸವೇ ಸಾಕ್ಷಿ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸದಾಗುವ ಈ ಕರ್ನಲಿನ ಆಯ್ದ ಆವೃತ್ತಿಗಳಿಗೆ ಮೊದಲು ಎರಡು ವರ್ಷಗಳ ಪಾಲನೆಯಿದ್ದಿತು. ೨೦೧೭ರಲ್ಲಿ ಅದನ್ನು ಆರು ವರ್ಷಗಳಿಗೆ ವಿಸ್ತರಿಸಿದರು. ೨೦೨೩ರಲ್ಲಿ ಮತ್ತೆ ಎರಡು ವರ್ಷಗಳಿಗೆ ಇಳಿಸುವ ನಿರ್ಧಾರವು ಪ್ರಕಟವಾಯಿತು. ಪಾಲಕರ ಬಳಲಿಕೆಯೇ ಇದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಇದಕ್ಕೂ ತೀಕ್ಷ್ಣವಾದ ನಿದರ್ಶನವು ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದ್ದು. ಜಗತ್ತಿನ ಬ್ಯಾಂಕುಗಳೂ ವ್ಯಾಪಾರಗಳೂ ಆಶ್ರಯಿಸಿದ್ದ ಇದರಲ್ಲಿ ೨೦೧೨ರಲ್ಲಿ ನುಸುಳಿದ ಒಂದು ದೋಷವು ೨೦೧೪ರ ಏಪ್ರಿಲಿನವರೆಗೆ ಬಯಲಾಗಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನರೆಂಬುದು ಆಮೇಲೆ ಲೋಕಕ್ಕೆ ತಿಳಿಯಿತು. ಅನಂತರ ಹಣವೂ ಬಂದಿತು. ಯಾವ ಆವೃತ್ತಿಗೆ ಎಲ್ಲಿಯವರೆಗೆ ಪಾಲನೆಯೆಂಬ ಲಿಖಿತ ನಿಯಮವೂ ಬಂದಿತು. ಹರಿದ್ರೆಯ ಕಟ್ಟೆಯಂತೆ ಇಲ್ಲಿಯೂ ಒಡೆದ ಮೇಲೆಯೇ ಧನವು ಒದಗಿದುದು.

ಪಾಲನೆಗೆ ಕೊನೆಯೆಂಬುದೂ ಉಂಟು. ಆ ಕೊನೆಯನ್ನು ಮುಂಚಿತವಾಗಿಯೇ ಸಾರುವುದು ಪಾಲಕನ ಧರ್ಮ. ಪೈಥಾನ್ ಎಂಬ ಭಾಷೆಯ ಎರಡನೆಯ ಪೀಳಿಗೆಯ ಕೊನೆಯ ಆವೃತ್ತಿಯಾದ ೨.೭ ಬಂದುದು ೨೦೧೦ರಲ್ಲಿ. ೨೦೧೫ಕ್ಕೆ ಅದರ ಪಾಲನೆ ಮುಗಿಯಬೇಕಾಗಿದ್ದಿತು. ಬಳಸುವವರು ಹೊಸದಕ್ಕೆ ಹೋಗಲಾರದೆ ನಿಂತುದನ್ನು ಕಂಡು ೨೦೧೪ರಲ್ಲಿ ಆ ಗಡುವನ್ನು ೨೦೨೦ಕ್ಕೆ ಮುಂದೂಡಿದರು. ಹೀಗೆ ಐದು ವರ್ಷಗಳ ಅವಕಾಶವು ದೊರೆತರೂ ಕೊನೆಯ ದಿನದವರೆಗೆ ಸುಮ್ಮನಿದ್ದವರು ಅನೇಕರು.

೫

ಹಸ್ತಪ್ರತಿಗಳನ್ನು ಅಭ್ಯಸಿಸುವವರಿಗೆ ಇವೆಲ್ಲಕ್ಕಿಂತ ಹತ್ತಿರವಾದುದು ಯೂನಿಕೋಡ್ ಎಂಬ ಅಕ್ಷರಸಂಕೇತದ ಶಿಷ್ಟತೆ. ಇದು ತಂತ್ರಾಂಶವಲ್ಲ, ತಂತ್ರಾಂಶಗಳೆಲ್ಲ ಒಪ್ಪಿಕೊಂಡ ಅಕ್ಷರಗಳ ಪಟ್ಟಿ. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವು ಸೇರಿದ್ದಿತು. ಕರ್ನಾಟಕ ಸರ್ಕಾರವು ೨೦೧೨ರಲ್ಲಿ ಇದನ್ನು ಆಡಳಿತದ ಶಿಷ್ಟತೆಯೆಂದು ಅಂಗೀಕರಿಸಿತು. ಇದಕ್ಕೂ ಆವೃತ್ತಿಗಳುಂಟು. ಆದರೆ ಒಮ್ಮೆ ಸೇರಿದ ಅಕ್ಷರವನ್ನು ತೆಗೆಯುವಂತಿಲ್ಲ, ಸ್ಥಾನವನ್ನು ಬದಲಿಸುವಂತಿಲ್ಲ, ಇಟ್ಟ ಹೆಸರನ್ನೂ ತಿದ್ದುವಂತಿಲ್ಲ ಎಂಬ ಕಟ್ಟುನಿಟ್ಟಿನ ನಿಯಮವು ಅದಕ್ಕಿದೆ.

ಈ ನಿಯಮದ ಒಂದು ವಿಚಿತ್ರ ಫಲವನ್ನು ಹಳಗನ್ನಡದ ‘ೞ’ ಕಾರದಲ್ಲಿ ಕಾಣಬಹುದು. ಶಬ್ದಮಣಿದರ್ಪಣಕಾರನು ವಿಶೇಷವಾಗಿ ವಿವೇಚಿಸಿದ ಈ ಅಕ್ಷರಕ್ಕೆ ಆ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬರ್ಥದ ಆಂಗ್ಲ ಹೆಸರು ಬಿದ್ದಿದೆ. ತಪ್ಪೆಂದು ಎಲ್ಲರಿಗೂ ತಿಳಿದಿದ್ದರೂ ಮೂಲದ ಹೆಸರನ್ನು ಅಳಿಸಿಲ್ಲ. ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಬರೆದಿದ್ದಾರೆ. ಗ್ರಂಥಸಂಪಾದಕನು ಮಾಡುವುದೂ ಇದನ್ನೇ ಅಲ್ಲವೆ? ಮೂಲಪ್ರತಿಯ ಸ್ಖಾಲಿತ್ಯವನ್ನು ಮಾಯಿಸದೆ ಉಳಿಸಿಕೊಂಡು, ಶುದ್ಧಪಾಠವನ್ನು ಅಡಿಯಲ್ಲಿ ಸೂಚಿಸುವುದು ಅವನ ಕ್ರಮ. ಒಂದು ಅಕ್ಷರದ ಹೆಸರು ಮಾರ್ಪಟ್ಟರೆ ಅದನ್ನು ನಂಬಿ ಬರೆದ ತಂತ್ರಾಂಶಗಳೆಲ್ಲ ತೊಡಕಿಗೆ ಬೀಳುತ್ತವೆ.

ಇದಕ್ಕೆ ಸಮಾನವಾದ ಉದಾಹರಣೆಯು ನಮ್ಮ ಶಾಸನಾಧ್ಯಯನದಲ್ಲಿಯೇ ಇದೆ. ಲೂಯಿ ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಹರಿಹರದ ಶಾಸನಗಳನ್ನು ಆಗಿನ ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಲ್ಲಿ ಪ್ರಕಟಿಸಿದರು. ಮುಂದೆ ಹರಿಹರವು ತಾನೇ ತಾಲ್ಲೂಕಾಯಿತು. ೧೯೯೭ರಲ್ಲಿ ದಾವಣಗೆರೆಯು ಜಿಲ್ಲೆಯಾಯಿತು. ಆದರೂ ವಿದ್ವಾಂಸರು ಹರಿಹರದ ಶಾಸನವನ್ನು ಉಲ್ಲೇಖಿಸುವಾಗ ದಾವಣಗೆರೆ ತಾಲ್ಲೂಕಿನ ಹಳೆಯ ಸಂಖ್ಯೆಯನ್ನು ಕೈಬಿಟ್ಟಿಲ್ಲ. ಎಲ್ಲೆಗಳು ಎಷ್ಟು ಬದಲಾದರೂ ಉಲ್ಲೇಖವು ಕೆಡಬಾರದೆಂಬ ವಿವೇಕವು ಇದರಲ್ಲಿ ಅಡಗಿದೆ.

ಹೊಸದು ಬರುವ ವೇಗಕ್ಕೂ ಹಳೆಯದನ್ನು ಸ್ಥಿರವಾಗಿಡುವ ನಿಯಮಕ್ಕೂ ಇರುವ ಘರ್ಷಣೆಯನ್ನು ತೋರಿಸುವುದಕ್ಕೆ ‘ಸಿದ್ಧಂ’ ಚಿಹ್ನೆಯು ತಕ್ಕ ನಿದರ್ಶನ. ಶಾಸನಗಳ ಮತ್ತು ಓಲೆಗರಿಗಳ ಆದಿಯಲ್ಲಿ ಕಂಡುಬರುವ ಈ ಮಂಗಲಸೂಚಕ ಚಿಹ್ನೆಗೆ ಕನ್ನಡದ ಪಟ್ಟಿಯಲ್ಲಿ ಸ್ಥಾನವು ದೊರೆತುದು ೨೦೧೮ರ ಜೂನಿನಲ್ಲಿ ಬಂದ ೧೧.೦ ಆವೃತ್ತಿಯಲ್ಲಿ. ಉಬುಂಟುವಿನ ದೀರ್ಘಪಾಲನೆಯ ೧೮.೦೪ ಆವೃತ್ತಿಯು ಅದಕ್ಕೆ ಎರಡು ತಿಂಗಳು ಮೊದಲೇ, ಏಪ್ರಿಲಿನಲ್ಲಿ, ಹೊರಬಿದ್ದಿದ್ದಿತು. ಎಂದಮೇಲೆ ಐದು ವರ್ಷಗಳ ಪಾಲನೆಯನ್ನು ನಂಬಿ ಆ ವ್ಯವಸ್ಥೆಯನ್ನು ಇಟ್ಟುಕೊಂಡ ಗ್ರಂಥಾಲಯವೊಂದರಲ್ಲಿ, ಹೊಸ ಅಕ್ಷರವಿನ್ಯಾಸವನ್ನು ಪ್ರತ್ಯೇಕವಾಗಿ ತಂದು ಹಾಕದ ಹೊರತು, ಸಿದ್ಧಂ ಇರಬೇಕಾದ ಎಡೆಯಲ್ಲಿ ಬರಿಯ ಚೌಕವೇ ಕಾಣುವುದು. ಶಾಸನಗಳಲ್ಲಿ ಬರುವ ನಕಾರಪೊಲ್ಲು ೨೦೨೧ರ ೧೪.೦ ಆವೃತ್ತಿಯಲ್ಲಿ ಸೇರಿತು. ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸ್ಥಿರತೆಯನ್ನು ಆರಿಸಿಕೊಂಡವನು ಇಂತಹ ವಿಳಂಬವನ್ನು ಒಪ್ಪಿಕೊಳ್ಳಲೇಬೇಕು. ವಿಳಂಬವು ಎಷ್ಟೆಂಬುದನ್ನು ಮೊದಲೇ ಅರಿತಿರುವುದು ಮಾತ್ರ ಅವನ ಕೈಯಲ್ಲಿದೆ.

೬

ಇನ್ನು ನಮ್ಮ ಸ್ಥಿತಿಯನ್ನು ನೋಡೋಣ. ಕಳೆದ ಶತಮಾನದ ಕೊನೆಯ ದಶಕದಿಂದ ದಾವಣಗೆರೆಯಂತಹ ನಗರಗಳ ಮುದ್ರಣಾಲಯಗಳಲ್ಲಿ ಮೊಳೆಜೋಡಣೆಯು ಹೋಗಿ ಗಣಕಯಂತ್ರದ ಜೋಡಣೆಯು ಬಂದಿತು. ಆಗಿನ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸುತ್ತಿದ್ದರು. ಒಂದೊಂದು ಸಂಸ್ಥೆಯದು ಒಂದೊಂದು ಸಂಕೇತ. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಮಾತ್ರ ಕಾಣುತ್ತವೆ. ಪುಟಕಟ್ಟುವುದಕ್ಕೆ ಬಳಕೆಯಾಗುತ್ತಿದ್ದ ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿಯು ೨೦೦೧ರದು. ಅದರ ಮೂಲಪಾಠವು ಮುಕ್ತವಲ್ಲ. ಆದುದರಿಂದ ಅದನ್ನು ಇನ್ನೊಬ್ಬರು ಕೈಗೆತ್ತಿಕೊಂಡು ಪಾಲಿಸುವ ಮಾರ್ಗವೂ ಇಲ್ಲ. ಆ ಕಾಲದಲ್ಲಿ ಜೋಡಿಸಿದ ಗ್ರಂಥಸೂಚಿಗಳ ಕಡತಗಳು ಸಿ.ಡಿ.ಗಳಲ್ಲಿ ಉಳಿದಿದ್ದರೂ ಓದುವ ಉಪಾಯವು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ.

ಇದಕ್ಕಿಂತಲೂ ಗಂಭೀರವಾದ ಹಾನಿಯೊಂದಿದೆ. ಆಗಿನ ಹಲವು ವಿನ್ಯಾಸಗಳಲ್ಲಿ ‘ೞ’ ಮತ್ತು ‘ಱ’ ಇರಲಿಲ್ಲ. ಬೆರಳಚ್ಚು ಮಾಡುವವರು ಅವುಗಳಿಗೆ ಬದಲಾಗಿ ‘ಳ’ ಮತ್ತು ‘ರ’ಗಳನ್ನು ಹಾಕಿ ಮುಂದುವರಿದರು. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ; ಅೞಿ ಎಂದರೆ ನಾಶಹೊಂದು, ಅಳಿ ಎಂದರೆ ದುಂಬಿ; ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಒಮ್ಮೆ ಅಳಿದ ಈ ಭೇದವನ್ನು ಯಾವ ಪರಿವರ್ತಕವೂ ಮರಳಿ ತಂದುಕೊಡಲಾರದು. ಓಲೆಗರಿಯು ಉಳಿದಿದ್ದರೆ ಮತ್ತೆ ಓದಬಹುದು. ಪ್ರತಿಲೇಖನವಾದ ಮೇಲೆ ಗರಿಯು ಹುಳು ತಿಂದು ನಷ್ಟವಾಗಿದ್ದರೆ ಆ ಪಾಠವು ಶಾಶ್ವತವಾಗಿ ಹೋದಂತೆಯೇ.

ಹಳೆಯ ಸಂಕೇತಗಳಿಂದ ಯೂನಿಕೋಡಿಗೆ ತರುವ ಮುಕ್ತ ಆಕರದ ಪರಿವರ್ತಕಗಳು ಈಗ ದೊರೆಯುತ್ತವೆ. ಇವುಗಳಲ್ಲಿ ಹೆಚ್ಚಿನವು ಒಬ್ಬಿಬ್ಬರು ಉತ್ಸಾಹಿಗಳ ಬಿಡುವಿನ ವೇಳೆಯ ಶ್ರಮದಿಂದ ಆದುವು. ಅವರು ಕೈಬಿಟ್ಟರೆ ಮುಂದೇನೆಂಬುದನ್ನು ಅವುಗಳನ್ನು ಬಳಸುವ ಸಂಸ್ಥೆಗಳು ವಿಚಾರಮಾಡಿದಂತೆ ತೋರುವುದಿಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆ ಪುರಾಣವು ಇಂದಿಗೆ ಉಳಿದುಬರುವುದಕ್ಕೆ ಆ ದಾನವು ಮಾತ್ರವೇ ಸಾಲುತ್ತಿರಲಿಲ್ಲ. ಗರಿಗಳು ಜೀರ್ಣವಾದಾಗಲೆಲ್ಲ ಮರುಪ್ರತಿ ಮಾಡಿದ ಹೆಸರಿಲ್ಲದ ಲಿಪಿಕಾರರ ಪರಂಪರೆಯೂ ಬೇಕಾಯಿತು.

೭

ಮೇಲಿನ ವಿವೇಚನೆಯಿಂದ ನಮ್ಮ ಭಂಡಾರಗಳು ಕೈಗೊಳ್ಳಬಹುದಾದ ಕೆಲವು ಕ್ರಮಗಳು ಹೊರಡುತ್ತವೆ.

ಮೊದಲನೆಯದಾಗಿ, ಪ್ರತಿಯೊಂದು ಕಡತಕ್ಕೂ ಒಂದು ಪುಷ್ಪಿಕೆ ಇರಬೇಕು. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಶಕವರ್ಷ, ತಿಥಿ, ಮೂಲಪ್ರತಿಗಳನ್ನು ಹೇಳುವಂತೆ, ಕಡತವನ್ನು ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ, ಯಾವ ಅಕ್ಷರವಿನ್ಯಾಸದಲ್ಲಿ, ಯಾವ ಪ್ರತಿಯನ್ನು ನೋಡಿ ಸಿದ್ಧಪಡಿಸಲಾಯಿತೆಂಬುದು ಅದರಲ್ಲಿಯೇ ದಾಖಲಾಗಿರಬೇಕು.

ಎರಡನೆಯದಾಗಿ, ಹಳೆಯ ಸಂಕೇತದ ಕಡತವನ್ನು ಯೂನಿಕೋಡಿಗೆ ತಂದ ಬಳಿಕವೂ ಮೂಲಕಡತವನ್ನು ಅಳಿಸಬಾರದು. ಪರಿವರ್ತಕದ ದೋಷವು ಮುಂದೆಂದೋ ಬೆಳಕಿಗೆ ಬಂದಾಗ ತಾಳೆನೋಡುವುದಕ್ಕೆ ಅದೊಂದೇ ಆಧಾರ.

ಮೂರನೆಯದಾಗಿ, ಭಂಡಾರದ ಗಣಕಯಂತ್ರಗಳಿಗೆ ದೀರ್ಘಪಾಲನೆಯ ಆವೃತ್ತಿಯನ್ನೇ ಆರಿಸಿ, ಅದರ ಪಾಲನೆಯು ಮುಗಿಯುವ ದಿನವನ್ನು ಆಡಳಿತದ ಪುಸ್ತಕದಲ್ಲಿ ಬರೆದಿಡಬೇಕು. ಆ ದಿನಕ್ಕೆ ಒಂದು ವರ್ಷ ಮುಂಚಿತವಾಗಿಯೇ ಮುಂದಿನ ಆವೃತ್ತಿಗೆ ಹೋಗುವ ಕಾರ್ಯವು ಆರಂಭವಾಗಬೇಕು. ಅಕ್ಷರವಿನ್ಯಾಸಗಳನ್ನು ಮಾತ್ರ ವರ್ಷಕ್ಕೊಮ್ಮೆ ಪ್ರತ್ಯೇಕವಾಗಿ ಹೊಸದಾಗಿಸಿಕೊಂಡರೆ ಸಿದ್ಧಂ ಮೊದಲಾದ ಚಿಹ್ನೆಗಳ ತೊಂದರೆಯು ಬಹುಮಟ್ಟಿಗೆ ನಿವಾರಣೆಯಾಗುವುದು.

ನಾಲ್ಕನೆಯದಾಗಿ, ಪ್ರತಿಲೇಖನ ಯೋಜನೆಗೆ ದೊರೆತ ಅನುದಾನದಲ್ಲಿ ಒಂದು ಪಾಲನ್ನು ಖಂಡಸ್ಫುಟಿತಕ್ಕೆಂದು ಆರಂಭದಲ್ಲಿಯೇ ಬೇರೆಯಾಗಿ ಇಡಬೇಕು. ನಾವು ಬಳಸುವ ಪರಿವರ್ತಕಗಳ, ವಿನ್ಯಾಸಗಳ ಪಾಲಕರಿಗೂ ಅದರಿಂದ ಸ್ವಲ್ಪ ಸಲ್ಲಬೇಕು. ಕಾಲುವೆಯ ನೀರುಣ್ಣುವವರು ಕಟ್ಟೆಯ ವೆಚ್ಚದಲ್ಲಿ ಪಾಲುಗೊಳ್ಳುವುದು ನ್ಯಾಯವೇ ಸರಿ.

ಐದನೆಯದಾಗಿ, ಪಾಲಕರನ್ನು ಸಿದ್ಧಗೊಳಿಸಬೇಕು. ೧೯೫೧ರಷ್ಟು ಹಿಂದೆಯೇ ಇಂಜಿನಿಯರಿಂಗ್ ಕಾಲೇಜು ಹುಟ್ಟಿದ ಊರು ದಾವಣಗೆರೆ. ಅದಕ್ಕೆ ಸಮೀಪದ ಸಿರಿಗೆರೆಯ ಮಠದಲ್ಲಿ ಡಾ. ಶಿವಮೂರ್ತಿ ಶಿವಾಚಾರ್ಯರು ಪಾಣಿನಿಯ ಸೂತ್ರಗಳನ್ನು ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶವಾಗಿ ರೂಪಿಸಿ, ಶಾಸ್ತ್ರಪಾಂಡಿತ್ಯಕ್ಕೂ ಗಣಕವಿದ್ಯೆಗೂ ವಿರೋಧವಿಲ್ಲವೆಂಬುದನ್ನು ತೋರಿಸಿಕೊಟ್ಟಿದ್ದಾರೆ. ಪಾಣಿನಿಯ ಸೂತ್ರಗಳು ಬದಲಾಗುವುದಿಲ್ಲ. ಅವುಗಳನ್ನು ನಡೆಸುವ ತಂತ್ರಾಂಶವಾದರೋ ಯಂತ್ರಗಳ ಪ್ರತಿಯೊಂದು ಪೀಳಿಗೆಯೊಂದಿಗೂ ಹೊಸದಾಗಬೇಕು. ಇಂತಹ ಪರಿಸರದ ವಿದ್ಯಾರ್ಥಿಗಳಲ್ಲಿ ಕೆಲವರು ಹಳೆಯ ಸಂಕೇತಗಳ ಪರಿವರ್ತಕವೊಂದರ ಪಾಲನೆಯನ್ನು ವಹಿಸಿಕೊಂಡರೆ, ಹಸ್ತಪ್ರತಿಜ್ಞರು ಅವರ ಜೊತೆಯಲ್ಲಿ ಕುಳಿತು ಪಾಠಶುದ್ಧಿಯನ್ನು ನೋಡಿಕೊಂಡರೆ, ಕೆಲಸವು ಅಸಾಧ್ಯವಾದುದೇನೂ ಅಲ್ಲ. ಒಂದು ಪರಿವರ್ತಕವನ್ನು ಇಬ್ಬರಿಗಿಂತ ಕಡಿಮೆ ಜನರ ಕೈಯಲ್ಲಿ ಎಂದಿಗೂ ಬಿಡಬಾರದು.

ಹರಿದ್ರೆಯ ಕಟ್ಟೆಯು ಹದಿನಾಲ್ಕು ವರ್ಷ ನಿಂತಿತು. ನಮ್ಮ ಭಂಡಾರಗಳಲ್ಲಿರುವ ಮೊದಲ ತಲೆಮಾರಿನ ಗಣಕಕಡತಗಳಿಗೆ ಈಗ ಅದರ ಎರಡರಷ್ಟು ವಯಸ್ಸು ಸಮೀಪಿಸಿದೆ. ಅವುಗಳಲ್ಲಿ ಎಷ್ಟು ತೆರೆಯುತ್ತವೆ, ತೆರೆದವುಗಳಲ್ಲಿ ಎಷ್ಟರಲ್ಲಿ ೞಕಾರ ಱಕಾರಗಳು ಉಳಿದಿವೆ ಎಂಬುದನ್ನು ಪ್ರತಿಯೊಂದು ಭಂಡಾರವೂ ಮೂಲಗರಿಗಳು ಕೈಗೆಟಕುವ ಸ್ಥಿತಿಯಲ್ಲಿರುವಾಗಲೇ ಪರೀಕ್ಷಿಸಿ ಪಟ್ಟಿಮಾಡುವುದು ಅತ್ಯಾವಶ್ಯಕ.